ಹೋಗಲಾರದ ಹನ್ನೊಂದು

ಬರೋದೆಲ್ಲ ಬರ್ಲತ್ತದ, ಹೋಗೋದೇ ಹೋಗವಲ್ದು
ಅಂತ ಫೋನ್ ಮಾಡಿದ್ರು ಮಲ್ಕಣ್ಣ ಸಾವ್ಕಾರ್ರು.
ಡಾಕ್ಟರ ಮುಂದ ಹೊಟ್ಟಿ ಸುದ್ದಿ ಹೇಳ್ದಂಗಿತ್ತು ದನಿ.

ಸ್ಕೂಟಿ ತಗೊಂಡು ಕಪನೂರಕ್ಕ ಹೋದೆ.
ಮಿಲ್ಲಿನ ಸಪ್ಪಳಕ್ಕ ಕಿಡಕಿ ಗಾಜು ನಡುಗ್ತಿತ್ತು.
ಕೀಬೋರ್ಡಿನ ಸಂದಿನ್ಯಾಗೆಲ್ಲ ತೊಗರಿ ಹೊಟ್ಟು.
ತಲಿಕೆಳಗ ಮಾಡಿ ಬಡದ್ರ ಒಂದು ಇಡೀ ಕಾಳು ಬಿತ್ತು.
'ಇದು ನಮ್ಮ ಮಾಲಲ್ಲ ಬಿಡು, ಇಷ್ಟು ಸಣ್ಣಂದು'
ಅಂದ್ರು ಸಾವ್ಕಾರ್ರು.

ಬರೋದು ಬರ್ಲತ್ತದ ಅಂದ್ರ
ಹೆಸರು ಸರಿ ಅದ, ಪಾಸ್‌ವರ್ಡ್ ಸರಿ ಅದ,
ವೈರಿನ್ಯಾಗ ಜೀವ ಅದ.
ಒಳಗ ಬರೋ ಬಾಗಿಲದ ನಂಬರ್ ಒಂಬೈನೂರ ತೊಂಬತ್ಮೂರು.
ಅದಕ್ಕ ಕೈ ಹಚ್ಚಲಿಲ್ಲ.
ಹೊರಗ ಹೋಗೋದಕ್ಕ ಇಪ್ಪತ್ತೈದು ಅಂತಿತ್ತು.
ಆ ಬಾಗಿಲ ಕಂಪನಿಯವರು ಶಹಾಬಾದ್ ಕಲ್ಲಿಟ್ಟು ಮುಚ್ಚಿದಂಗ ಮುಚ್ಚಿ
ಎಷ್ಟೋ ವರ್ಷಾತು.
ಇದು ಮಾತ್ರ ದಿನಾ ಮುಂಜಾನಿ ಅಲ್ಲೇ ಹೋಗಿ ನಿಂತು
ಇಲ್ಲದ ಚಿಲಕ ಬಡೀತಿತ್ತು.

ಐನೂರ ಎಂಬತ್ತೇಳು ಹಾಕಿದೆ. ಹೋಗಲಿಲ್ಲ.
ಕೆಳಗೊಂದು ಸಣ್ಣ ಚೌಕ, ಖಾಲಿ:
ಹೋಗುವಾಗಲೂ ಗುರುತು ತೋರಿಸಬೇಕೇನು?
ಬರೋರ್ನ ಎಲ್ಲರೂ ಕೇಳ್ತಾರ,
ಹೋಗೋರ್ನ ಯಾರು ಕೇಳ್ತಾರ ಅಂತ
ಯಾರೋ ಹಂಗೇ ಬಿಟ್ಟಿದ್ರು.
ಟಿಕ್ ಹಾಕಿದೆ.

ಇಲ್ಲಿ ನಾ ಔಟ್‌ಬಾಕ್ಸ್ ತೆಗೆದು ನೋಡಬೇಕಿತ್ತು.
ಹನ್ನೆರಡು ವರ್ಷದ ಕಸುಬು. ನೋಡಲಿಲ್ಲ.

ಹನ್ನೊಂದು ಪತ್ರ, ಏಳು ವರ್ಷದ ಹಿಂದಿನವು,
ಗೂಡಿನ ಬಾಗಿಲ ತೆಗೆದ ಕೂಡ್ಲೆ ಕೋಳಿ ಹೊಂಟಂಗ
ಒಂದರ ಹಿಂದೊಂದು ಹೊಂಟೇ ಬಿಟ್ಟವು.
ನಾ ಮೌಸ್ ಹಿಡ್ಕೊಂಡು ಹಿಡೀರಿ ಹಿಡೀರಿ ಅಂದ್ರ
ಯಾರು ಹಿಡೀಬೇಕು?

ಐದು ನಿಮಿಷಕ್ಕ ವಿರುಧುನಗರದಿಂದ ಉತ್ತರ:
'ಬ್ಯಾಳಿ ಕ್ವಿಂಟಲ್‌ಗ ಆರು ಸಾವಿರದ ಇನ್ನೂರು, ಒಪ್ಪಿಗಿ ಅದ.
ಎರಡು ಲಾರಿ ಕಳಸ್ರಿ.'
ಸಾವ್ಕಾರ್ರು ಚಾ ಕಪ್ಪು ಕೆಳಗಿಟ್ರು.
'ಈಗಿನ ರೇಟು ಅದರ ಡಬಲ್ ಅದ,' ಅಂದ್ರು,
ನನಗಲ್ಲ, ಗ್ವಾಡಿಗಿ.

ಅಷ್ಟ್ರಾಗ ಅವರದೇ ಫೋನ್ ಟಿಣ್ ಅಂತು.
ತಮ್ಮ ಮಿಲ್ಲಿನ ಹೆಸರಿಂದಲೇ ತಮಗೊಂದು ಪತ್ರ.
ಕನ್ನಡಕ ಸಿಗಲಿಲ್ಲ. ಓದು ಅಂತ ನನ್ನ ಕೈಗಿ ಕೊಟ್ರು.

'ಸಾವ್ಕಾರ್ರಿಗೆ ಮಶಾಕ್ ಮಾಡುವ ವಿನಂತಿ.
ಮಗಳ ಜ್ವರ ಇಳಿಯುತ್ತಿಲ್ಲ. ದವಾಖಾನೆಗೆ ಹೊರಟಿದ್ದೇನೆ.
ನಿಮ್ಮ ಫೋನ್ ಹತ್ತಲಿಲ್ಲ, ಅದಕ್ಕೆ ಇದರಲ್ಲಿ ಬರೆದೆ.
ಎರಡು ದಿನ ರಜೆ ಕೊಡಬೇಕು.
ಗೋದಾಮಿನ ಕೀಲಿ ತಕ್ಕಡಿ ಕೆಳಗೆ ಇಟ್ಟಿದ್ದೇನೆ.'

ಮಿಲ್ಲು ನಡೀತಾನೇ ಇತ್ತು.

'ಕೀಲಿ ಒಯ್ದಾನ ಅಂತ ಬೀಗ ಒಡಸಿದ್ದೆ,' ಅಂದ್ರು.
ಆಮ್ಯಾಲ:
'ಪತ್ರ ಹಾಕೀನಿ ಅಂತ ಬಾಗಿಲದಾಗ ನಿಂತು ಹೇಳ್ದ.
ಸುಳ್ಳ ಅಂದೆ.'
ಆಮ್ಯಾಲ, ಭಾಳ ಹೊತ್ತಿನ ಮ್ಯಾಲ:
'ಆ ತಕ್ಕಡಿ ಗುಜರಿಗಿ ಹಾಕಿ ನಾಕ ವರ್ಷಾತು.'

ಉತ್ತರ ಬರೀಬಹುದೇನು ಅಂತ ಕೇಳಿದ್ರು.
ಬರೀಬಹುದು, ಹೋಗ್ತದ, ಈಗ ಎಲ್ಲಾ ಸರಿ ಅದ, ಅಂದೆ.
ಒಂದೇ ಬೆರಳಿನಿಂದ ಒತ್ತಿ ಒತ್ತಿ
'ರಜೆ ಮಂಜೂರು' ಅಂತ ಬರದ್ರು.
ಕಳಿಸಿದ್ರು.

ಟಿಣ್.
ನನ್ನ ಮುಂದಿದ್ದ ಕಂಪ್ಯೂಟರಿನ್ಯಾಗೇ ಬಂದು ಬಿತ್ತು.
ಮಶಾಕ್ ಬರದದ್ದು ಮಿಲ್ಲಿನ ಖಾತೆಯಿಂದ.
ಉತ್ತರ ಮಿಲ್ಲಿಗೇ ಬರ್ತದ.
ಇದಕ್ಕ ಯಾವ ನಂಬರು ಹಾಕಿದ್ರೂ
ಬ್ಯಾರೆ ದಾರಿ ಇಲ್ಲ.

ಮುನ್ನೂರೈವತ್ತು ಕೊಟ್ರು. ಚಿಲ್ಲರ ಕೇಳಲಿಲ್ಲ.
ವಿರುಧುನಗರದ ಫೋನು ಒಂದೇ ಸವನ ಹೊಡ್ಕೊಳ್ಳತ್ತಿತ್ತು,
ಎತ್ತಲಿಲ್ಲ.
ನಾ ಸ್ಕೂಟಿ ಚಾಲೂ ಮಾಡೋತನ ಹಿಂದ ಬಂದು ನಿಂತು
ಕೇಳಿದ್ರು:
'ಕೋರ್ಟಿನ ಮುಂದ ಮಶಾಕಂದು ಝೆರಾಕ್ಸ್ ಅಂಗಡಿ ಅದಂತಲ್ಲ,
ಎಷ್ಟಕ್ಕ ಮುಚ್ತಾನ?'