ಬಾಟಲಿ ತೊಳೆಯುವವನ ಲೆಕ್ಕ

ಶಿರಾಡಿ ಘಾಟಿ ಹತ್ತಿ ಬಂದ ಡಬ್ಬ
ಬೆಳಗಿನ ಜಾವ ಲ್ಯಾಬಿನ ಬಾಗಿಲಲ್ಲಿ ಕೂತಿರುತ್ತಿತ್ತು,
ಮುಚ್ಚಳಕ್ಕೆ ಮೇಣ, ಮೇಣಕ್ಕೆ ಧೂಳು,
ಒಳಗೆ ಯಾವುದೋ ನೆಲದ ಹೊಟ್ಟೆಯ ಕಪ್ಪು.
ಹಾಸನದಲ್ಲಿ ಎಣ್ಣೆಬಾವಿ ಎಲ್ಲಯ್ಯಾ ಅದೆ?
ಕ್ಯಾಂಟೀನಿನ ಕಾಳೇಗೌಡ ದಿನಾ ಕೇಳೋನು.
ಬಾವಿ ಇಲ್ಲ.
ಆಲೂಗಡ್ಡೆ ಹೊಲದಡಿ ಒಂದು ಪೈಪು ಬೆಂಗಳೂರಿಗೆ ಹೋಗಿದೆ,
ಅದೂ ನಮ್ಮದಲ್ಲ.
ನಮ್ಮದು ಒಂದು ಕೋಣೆ, ಎರಡು ಪಂಪು,
ಮತ್ತೆ ಫರ್ಹಾನಾ ಮೇಡಂ.

ನಾನು ಚೆನ್ನಿಗರಾಯ. ಬಾಟಲಿ ತೊಳೆಯುವವನು.
ಮೂವತ್ತೊಂದು ವರ್ಷ.

ತಳಕ್ಕೆ ಹತ್ತಿದ ಕರಿಯನ್ನು ಉಜ್ಜುತ್ತಿದ್ದಾಗ ಒಮ್ಮೆ ಹೇಳಿದರು:
ಇದರ ಹೆಸರು ಆಸ್ಫಾಲ್ಟೀನು.
ಎಣ್ಣೆಯಲ್ಲಿ ಎಲ್ಲಕ್ಕಿಂತ ಭಾರದ್ದು.
ಆಳದಲ್ಲಿ, ಅಷ್ಟು ಒತ್ತಡದಲ್ಲಿ,
ಉಳಿದವರ ತೋಳು ಹಿಡಿದು ತೇಲಿಕೊಂಡಿರುತ್ತೆ.
ಮೇಲೆ ಬರುತ್ತಾ ಒತ್ತಡ ಇಳಿಯಿತೋ
ಕೈ ಬಿಡುತ್ತೆ, ಗೋಡೆಗೆ ಅಂಟುತ್ತೆ,
ಕೊಳವೆಯೇ ಕಟ್ಟಿಹೋಗುತ್ತೆ.

ಇಳಿದಾಗಲಾ ಮೇಡಂ?
ಇಳಿದಾಗಲೇ.

ಆ ವಾರದಿಂದ ನನಗೆ
ಭಾನುವಾರಗಳ ಮೇಲೆ ಅನುಮಾನ.
ರಿಟೈರಾಗಲು ಇನ್ನು ಹದಿನಾಲ್ಕು ತಿಂಗಳಿತ್ತು.

ಅವರ ಕಲ್ಲುಗಳು ಬೆರಳುದ್ದ, ರಾಜಸ್ಥಾನದವು, ಮರಳುಗಲ್ಲು.
ಅಷ್ಟು ದೂರದಿಂದ ಯಾಕೆ ಅಂತ
ನಮ್ಮೂರ ಕಡೆಯ ಬಳಪದ ಕಲ್ಲಿನ ಚೂರು ಕೊಟ್ಟೆ.
ಕೈಯಲ್ಲಿ ತೂಗಿ ನೋಡಿ ನಕ್ಕರು:
ಇದು ಕುಡಿಯೋದಿಲ್ಲ ಚೆನ್ನಿಗರಾಯರೇ,
ಬರೀ ಕೆತ್ತಿಸಿಕೊಳ್ಳುತ್ತೆ.

ಎಣ್ಣೆ ಕುಡಿದ ಕಲ್ಲಿಗೆ ನೀರು ತಳ್ಳಿದರೆ
ಅರ್ಧ ಹೊರಗೆ ಬರುತ್ತೆ.
ಇನ್ನರ್ಧ ಸಾಸಿವೆಗಿಂತ ಸಣ್ಣ ಕಂಡಿಗಳಲ್ಲಿ
ಉಸಿರು ಹಿಡಿದು ಕೂತುಬಿಡುತ್ತೆ.
ಅದನ್ನು ಬಿಡಿಸುವ ದ್ರಾವಣ ಲೀಟರಿಗೆ ಎಷ್ಟೋ ಸಾವಿರ,
ಹಣ ಮಂಜೂರಾಗಿಲ್ಲ ಅಂತ ಕಾಗದ.

ಜಿಡ್ಡು ಬಿಡಿಸೋಕೆ ತಾನೇ ಅಂದಳು ಸಾಕಮ್ಮ ಮನೆಯಲ್ಲಿ,
ರೇಷ್ಮೆ ಸೀರೆಗೆ ನೆನೆಹಾಕಿದ್ದ ಅಂಟುವಾಳದ ಬೋಗುಣಿಯಿಂದ
ಕೈ ಎತ್ತದೆ.
ಮಾರನೆಯ ದಿನ ನನ್ನ ಜೇಬಿನಲ್ಲಿ ಹಿಡಿ ಅಂಟುವಾಳ.
ಮೇಡಂ ನಗಲಿಲ್ಲ.
ಬೀಜ ಬೇರೆ ಮಾಡಿದರು, ತೂಗಿದರು, ಸೋಸಿದರು.

ಎರಡು ಸಲ ಕಲ್ಲು ಕಟ್ಟಿಕೊಂಡಿತು,
ಮುಳ್ಳು ಏರಿ ಏರಿ ಕೆಂಪಿಗೆ ಬಡಿಯಿತು.
ಮೂರನೆಯ ಸಲ, ಎರಡು ರಾತ್ರಿ ಒಂದು ಹಗಲು ಕಳೆದು,
ಚಹಾ ಬಣ್ಣದ ನೊರೆ.
ನೊರೆಯ ಹಿಂದೆ ಒಂದು ತೊಟ್ಟು.
ಇನ್ನೊಂದು.
ನೂರಕ್ಕೆ ಒಂಬತ್ತು ಹೆಚ್ಚು ಅಂತ ಬರೆದರು,
ಒಡೆದು ಮತ್ತೆ ಕೂಡಿದರು, ಒಂಬತ್ತೇ.
ಆಮೇಲೆ ಬನ್ನು ತರಿಸಿಕೊಂಡು ಪೂರ್ತಿ ತಿಂದರು.

ನಿಜವಾದ ಬಾವಿಯಲ್ಲಿ ಇದು ನಡೆಯುತ್ತೇನಮ್ಮಾ?
ಹೊರಗಿನಿಂದ ಬಂದ ಪರೀಕ್ಷಕರು ಕೇಳಿದಾಗ
ಗೊತ್ತಿಲ್ಲ ಸರ್ ಅಂದರು.
ಬಾಗಿಲ ಬಳಿ ನೀರಿನ ಲೋಟ ಹಿಡಿದು ನಿಂತವನಿಗೆ
ಆ ಉತ್ತರ ಇಷ್ಟವಾಯಿತು.

ನನ್ನ ಬೀಳ್ಕೊಡುಗೆಗೆ ಶಾಲು, ಗೋಡೆ ಗಡಿಯಾರ.
ಮೇಡಂ ಮಾತ್ರ ಆ ಮೂರನೆಯ ಕಲ್ಲನ್ನು
ಟಿಶ್ಯೂ ಕಾಗದದಲ್ಲಿ ಸುತ್ತಿ ಕೊಟ್ಟರು,
ಇದರ ಕೆಲಸ ಮುಗಿಯಿತು.

ತಣ್ಣೀರುಹಳ್ಳದ ಮನೆಯ ಕಿಟಕಿಯಲ್ಲಿ
ಹಳೆ ಪೇಪರಿನ ಮೇಲೆ ಇಟ್ಟಿದ್ದೆ.
ಎಲ್ಲ ದಿನವೂ ಭಾನುವಾರವಾದ ಮೇಲೆ
ಏನೇನೋ ಬಂದು ಗೋಡೆಗೆ ಕೂತವು, ಅದಿರಲಿ.
ಏಪ್ರಿಲ್‌ನ ಒಂದು ಮಧ್ಯಾಹ್ನ ಕಲ್ಲು ಎತ್ತಿದರೆ
ಪೇಪರಿನ ಮೇಲೆ
ಎಂಟಾಣೆಯಷ್ಟು ಅಗಲದ ಎಣ್ಣೆ ಮಚ್ಚೆ.

ಫೋನು ಮಾಡಿದೆ.
ಮೇಡಂ, ಅದರಲ್ಲಿ ಇನ್ನೂ ಒಂದು ತೊಟ್ಟು ಇತ್ತು.

ಆ ಕಡೆ ಕುರ್ಚಿ ಸರಿದ ಸದ್ದು,
ಪೆನ್ನಿನ ಮುಚ್ಚಳ ತೆಗೆದ ಸದ್ದು.
ಬಿಸಿಲು ಎಷ್ಟಿತ್ತು ಚೆನ್ನಿಗರಾಯರೇ?
ಎಷ್ಟು ಗಂಟೆ ಹೊತ್ತು?