ಈ ಸಾಲು ಬರೆಯುವ ಹೊತ್ತಿಗೆ

ಮಂಡಿಪೇಟೆಯ ಒಳಗಲ್ಲಿಯಲ್ಲಿ ದಾದಾಪೀರನ ತಕ್ಕಡಿ
ಯುದ್ಧವನ್ನು ತೂಗಿತು:
ಮುನ್ನೂರ ಐವತ್ತು ಗ್ರಾಂ.
ಹಳೇ ಪಂಚಾಂಗವೊಂದನ್ನು ಹೇರಿ ಸಮ ಮಾಡಿದ.
"ಹತ್ತು ರೂಪಾಯಿ ಕೊಡ್ರಿ ಮೇಡಂ,
ಹುಳ ತಿಂದಿದ್ದಕ್ಕೆ ರೇಟು ಹಚ್ಚಲ್ಲ."

ರಟ್ಟಿಲ್ಲ, ಬರೆದವನ ಹೆಸರಿನ ಹಾಳೆಯಿಲ್ಲ.
ಉಳಿದದ್ದು ಒಂದು ವಿಜ್ಞಾಪನೆ:
ಕಾಗದದ ಅಭಾವದಿಂದ ಅಕ್ಷರ ಸಣ್ಣದಾಗಿದೆ,
ವಾಚಕರು ಮನ್ನಿಸಬೇಕು.
ಸಾವಿರದ ಒಂಬೈನೂರ ನಲವತ್ತೆರಡು, ಆಗಸ್ಟ್.

ಇಪ್ಪತ್ತೊಂದು ವರ್ಷದಿಂದ ನಾನು
ಈ ಯುದ್ಧವನ್ನು ಬೋರ್ಡಿನ ಮೇಲೆ ಮುಗಿಸುತ್ತ ಬಂದವಳು.
ಕಾರಣಗಳು ನಾಲ್ಕು, ಪರಿಣಾಮಗಳು ಐದು,
ನಡುವೆ ಗಂಟೆ ಹೊಡೆದರೆ
ಸತ್ತವರ ಸಂಖ್ಯೆ ನಾಳೆಗೆ.

ಈತನಿಗೆ ಪರಿಣಾಮವೇ ಗೊತ್ತಿಲ್ಲ.
"ಈ ಸಾಲು ಬರೆಯುವ ಹೊತ್ತಿಗೆ" ಅನ್ನುತ್ತಾನೆ
ಪುಟಕ್ಕೊಮ್ಮೆ,
ಒಲೆಯ ಮೇಲೆ ಹಾಲಿಟ್ಟು ಬಂದವಳು
ಮಾತಿನ ನಡುವೆ ತಿರುಗಿ ನೋಡುವ ಹಾಗೆ.
ಅವನ ನಕ್ಷೆಯ ಬಾಣಗಳು
ಮರಳುಗಾಡಿನಲ್ಲಿ ನಿಂತುಬಿಟ್ಟಿವೆ,
ಒಂದು ಕಾಲೆತ್ತಿಕೊಂಡ ಕೊಕ್ಕರೆಗಳು.
ಸ್ಟಾಲಿನ್‌ಗ್ರಾಡ್ ಅವನಿಗಿನ್ನೂ
ವೋಲ್ಗಾ ದಂಡೆಯ, ಟ್ರಾಕ್ಟರ್ ಮಾಡುವ ಒಂದು ಊರು.
ಕೊನೆಯಲ್ಲಿ ಸ್ಥಳನಾಮಗಳ ಪಟ್ಟಿಯಿತ್ತು.
ಬೆರಳಿಟ್ಟು ಇಳಿದೆ:
ಹಾಂಕಾಂಗ್, ಹಾಲೆಂಡ್, ಅದಾದ ಮೇಲೆ ನೇರ ಹೆಲ್ಸಿಂಕಿ.
ಆ ಎರಡು ಸಾಲುಗಳ ನಡುವಿನ
ಕೂದಲೆಳೆ ಬಿಳುಪನ್ನು
ಎಷ್ಟು ಹೊತ್ತು ನೋಡಿದೆನೋ.

ಅಂಚಿನ ಪೆನ್ಸಿಲು ಬೇರೆಯವನದು.
ಹ. ಗುರುಸಿದ್ಧಪ್ಪ, ನೂಲು ಖಾತೆ, ಕಾಟನ್ ಮಿಲ್ಲು.
ಸಹಿ ಎರಡು ಸಲ, ಎರಡನೆಯದರಲ್ಲಿ ಬಾಲ ಉದ್ದ.
ಪುಟ ಹತ್ತೊಂಬತ್ತು: ಖಾಕಿ ಆರ್ಡರು ಹೆಚ್ಚಿತು. ರಾತ್ರಿ ಪಾಳಿ.
ಪುಟ ನಲವತ್ತು: ಸೀಮೆಎಣ್ಣೆ ಅರ್ಧ ಬಾಟಲಿ.
ಟೋಬ್ರೂಕ್ ಎಂದಿರುವಲ್ಲಿ ಕೆಳಗೆರೆ, ಪಕ್ಕದಲ್ಲಿ:
ಕೊಟ್ರೇಶಿ ಇಲ್ಲಿದ್ದ. ಹೋದ ವರ್ಷದ ಪತ್ರ. ಕ್ಷೇಮ.
ಅನ್ನದಲ್ಲೂ ಮರಳಂತೆ.
ಎಂಬತ್ತೆಂಟು: ಪತ್ರ ಇಲ್ಲ.
ತೊಂಬತ್ತಮೂರು: ಪತ್ರ ಇಲ್ಲ. ಅವ್ವನಿಗೆ ಇದೆ ಅಂದೆ.
ಆಮೇಲೆ ತೊಂಬತ್ತೇಳರಿಂದ ನೂರ ಹತ್ತರವರೆಗೆ
ಪುಸ್ತಕವೇ ಇಲ್ಲ.

ಮತ್ತೆ ಹೋದೆ.
"ಅವು ಮೊನ್ನೆ ಶುಕ್ರವಾರನೇ ಹೋದ್ವಲ್ಲ ಮೇಡಂ,
ಮಂಡಕ್ಕಿ ಅಂಗಡಿಗೆ. ಹಳೇ ಕಾಗದ ಎಣ್ಣೆ ಚಲೋ ಹೀರತೈತಿ."
ಅಂಗಡಿ ಮುಂದೆ ನಿಂತು ಮಿರ್ಚಿ ತಿಂದೆ, ಎರಡು ಪ್ಲೇಟು, ಹಸಿವಿಲ್ಲದೆ.
ನನ್ನ ಪೊಟ್ಟಣ ಯಾರದೋ ಕರೆಂಟ್ ಬಿಲ್ಲು.
ಪಕ್ಕದವನದನ್ನೂ ಇಣುಕಿದೆ.
ಅವನು ಸ್ವಲ್ಪ ದೂರ ಸರಿದು ನಿಂತ.

ರಾತ್ರಿ ನೂರ ಹನ್ನೊಂದನೇ ಪುಟ
ಟಾರ್ಚಿನ ಬೆಳಕಿಗೆ ಓರೆಯಾಗಿ ಹಿಡಿದೆ.
ಅಂಚಿನಲ್ಲಿ ಬರಹವಿಲ್ಲ, ಬರಹದ ತಗ್ಗು ಇದೆ.
ಹರಿದುಹೋದ ಹಾಳೆಯ ಮೇಲೆ ಅವನು
ಅಷ್ಟು ಒತ್ತಿ ಬರೆದಿದ್ದಾನೆ.
ಕೊಟ್ರೇಶಿ ಅಂತ ಇರುವುದು ಖಾತ್ರಿ.
ಬೆರಳಿಗೂ ತಿಳಿಯುತ್ತದೆ ಆ ಒತ್ತಿನ ಸುಳಿ.
ಮುಂದೇನೋ ಮಸುಕು, ಅದರ ಮುಂದೆ ಬಂ,
ಆಮೇಲೆ ಹುಳ ಕೊರೆದ ತೂತು.

ಬಂದ ಎಂದಿದ್ದರೆ
ಅವನು ರೈಲಿಳಿದು, ಟ್ರಂಕು ಹೊತ್ತು,
ಮಿಲ್ಲಿನ ಸಿಳ್ಳೆಗೆ ಬೆಚ್ಚಿ ಬಿದ್ದು ನಕ್ಕಿರಬೇಕು.
ಬಂತು ಎಂದಿದ್ದರೆ
ತಂತಿ.

ಒಂದು ಒತ್ತಕ್ಷರದಷ್ಟು ಜಾಗ.
ನನಗೆ ಗೊತ್ತಿರುವ ನಲವತ್ತೈದರ ಪರಿಣಾಮಗಳು
ಐದಕ್ಕೆ ಐದೂ
ಅದರೊಳಗೆ ಹೋಗಲೊಲ್ಲವು.

ಸೋಮವಾರ, ಮೂರನೇ ಪೀರಿಯಡ್ಡು.
'ಯುದ್ಧ ಮುಗಿ' ಎಂದು ಬರೆದ ಸೀಮೆಸುಣ್ಣ
ಅಲ್ಲೇ ನಿಂತಿತು.
ಹಿಂದಿನ ಬೆಂಚಿನಿಂದ ಶಬೀನಾ:
"ಇಷ್ಟೇನಾ ಮಿಸ್? ಬರ್ಕೊಳ್ಳೋದಾ?"
ತಡಿ, ಅಂದೆ.