ಒಸಡಿನ ಬಣ್ಣ

ಇಪ್ಪತ್ತಾರು ವರ್ಷ ಪ್ಲಾಸ್ಟರ್ ರೂಮಿನಲ್ಲಿ ನಾನು.
ಮಂಗಳೂರಿನ ಅರ್ಧ ಬಾಯಿಗಳ ಅಚ್ಚು ಎರೆದವನು:
ಬಂದರಿನ ಹಮಾಲಿಯದ್ದು, ಬಿಜೈಯ ಟೀಚರದ್ದು,
ಒಮ್ಮೆ ಒಬ್ಬ ನ್ಯಾಯಾಧೀಶರದ್ದು ಕೂಡಾ.
ಒಣಗಿದ ಮೇಲೆ ಎಲ್ಲ ಬಿಳಿ. ಯಾವುದು ಯಾರದೆಂದು
ಹಿಂದೆ ಪೆನ್ಸಿಲಿನಲ್ಲಿ ಬರೆಯದಿದ್ದರೆ ಗೊತ್ತಾಗುವುದಿಲ್ಲ.

ಗೊತ್ತಾಗುವುದು ಕಾರಿಡಾರಿನಲ್ಲಿ.
ವಿಭಾಗದ ಮುಖ್ಯಸ್ಥರ ಫೋಟೋಗಳು ಅಲ್ಲಿ, ಹನ್ನೊಂದು.
ಧೂಳು ಒರೆಸುವವನು ನಾನೇ, ಹೆಸರು ಬಾಯಿಪಾಠ.
ನಾಲ್ಕೈದು ಮನೆತನದೊಳಗೇ ಮುಗಿಯುತ್ತದೆ ಲೆಕ್ಕ.
ನಮ್ಮ ಜಮಾತಿನ ಹುಡುಗರು ಕಲಿಯಲು ಬರುತ್ತಾರೆ, ಫೀಸು ಕಟ್ಟುತ್ತಾರೆ,
ಬೆಂಚಿನಿಂದ ಬೋರ್ಡಿನ ಕಡೆಗೆ ದಾಟಿದವನು ಒಬ್ಬನೇ,
ಅವನೂ ಎರಡು ವರ್ಷಕ್ಕೆ ದಮಾಮಿಗೆ ಹೋದ.

ಜೂನಿನಲ್ಲಿ ಹೊಸ ಲೆಕ್ಚರರ್ ಬಂದರು.
ಬಾಗಿಲಿಗೆ ಫಲಕ ಹೊಡೆದವನೂ ನಾನೇ: ಡಾ. ವನಜಾಕ್ಷಿ ಕೆ.
ಸ್ಟಾಫ್ ರೂಮಿನಲ್ಲಿ ಚಹಾ ಕೊಡುವಾಗ ಕಿವಿಗೆ ಬಿತ್ತು,
ಕೆ ಅಂದ್ರೆ ಕಾಮತಾ? ಕರ್ಕೇರನಾ? ಕೋಟ್ಯಾನಾ?
"ಕೊರಗ" ಅಂದರು, ಬಿಸ್ಕಿಟು ಚಹಾಕ್ಕೆ ಅದ್ದುತ್ತಾ.
ಬಿಸ್ಕಿಟು ಮುರಿದು ಒಳಗೆ ಬಿತ್ತು. ಚಮಚದಲ್ಲಿ ತೆಗೆದು ತಿಂದರು.
ಆ ಫ್ಯಾನು ಅಷ್ಟು ಸದ್ದು ಮಾಡುತ್ತದೆಂದು ಅವತ್ತೇ ನನಗೆ ತಿಳಿದದ್ದು.

ಎರಡನೇ ವಾರ. ಹುಡುಗಿಯೊಬ್ಬಳು ಎದ್ದು ನಿಂತು ಒಪ್ಪಿಸಿದಳು:
ಆರೋಗ್ಯವಂತ ಒಸಡಿನ ಬಣ್ಣ ಹವಳದ ಗುಲಾಬಿ.
"ನೋಡಿದ್ದೀಯಾ?"
"ಪುಸ್ತಕದಲ್ಲಿ ಉಂಟು ಮೇಡಂ."
ಅರವತ್ತು ಕನ್ನಡಿ ಹಂಚಲು ನನ್ನನ್ನು ಕರೆದರು.
ತುಟಿ ಎತ್ತಿ ನೋಡಿ, ನಿಮ್ಮದೇ, ಎಂದರು.
ನೇರಳೆ ಇತ್ತು. ಪುನರ್ಪುಳಿ ಸಿಪ್ಪೆ ಇತ್ತು.
ಒಲೆಯಲ್ಲಿ ಹೆಚ್ಚು ಹೊತ್ತು ಮರೆತ ಹಂಚಿನದ್ದಿತ್ತು.
ಗುಲಾಬಿಯೂ ಇತ್ತು, ಮೂರೋ ನಾಲ್ಕೋ.
ನಾನು ಸ್ಟೋರಿಗೆ ವಾಪಸ್ ಬಂದು ಬಾಗಿಲು ಹಾಕಿ
ನನ್ನದನ್ನೂ ನೋಡಿಕೊಂಡೆ.
ಅಂಚಿಗೆ ಸುರ್ಮಾ ಎಳೆದ ಹಾಗೆ.

ಬಜಪೆಯಾಚೆಯ ಕಾಲನಿಯಿಂದ ಅಂಗಾರು ಬಂದದ್ದು ದೀಪಾವಳಿ ಕಳೆದು.
ಉಳಿದದ್ದು ಮೂರು ಹಲ್ಲು, ಅವೂ ಕೀಳುವಂಥವು.
ಕಿತ್ತ ಮೇಲೆ ನೀರು ಕೊಟ್ಟು, ಉಗುಳಿ ಅಜ್ಜೀ ಎಂದರೆ
ನುಂಗಿದಳು. ರಕ್ತ ಸಮೇತ ನುಂಗಿದಳು.
ಹುಡುಗ ಮತ್ತೆ ತೋರಿಸಿದ, ಪಕ್ಕದ ಪಿಂಗಾಣಿ ಬಟ್ಟಲು,
ಅದರೊಳಗೆ ಸುತ್ತು ಬರುವ ನೀರು.
ಅವಳು ಕೈಯನ್ನು ಬಾಯಿಗೆ ಅಡ್ಡ ಹಿಡಿದಳು.
ಅವಳ ಅಜ್ಜನ ಕಾಲಕ್ಕೆ ಕೊರಳಿಗೆ ಅಂಡೆ ಕಟ್ಟಿಕೊಂಡು ನಡೆಯಬೇಕಿತ್ತು,
ಉಗುಳು ದಾರಿಗೆ ಬಿದ್ದರೆ ಊರಿಗೆ ಮೈಲಿಗೆ.
ಪರೀಕ್ಷೆಗೆ ಇದು ಬರುವುದಿಲ್ಲ. ಹುಡುಗನ ತಪ್ಪಲ್ಲ.
ಮೇಡಂ ಬಂದರು, ಮಾಸ್ಕ್ ಇಳಿಸಿದರು,
ತಮ್ಮ ಮನೆಮಾತಿನಲ್ಲಿ ಏನೋ ಅಂದರು
(ಬ್ಯಾರಿ ನನ್ನದು, ತುಳು ಬರುತ್ತದೆ, ಅದು ಬರುವುದಿಲ್ಲ),
ಮತ್ತೆ ತಾವೇ ಒಂದು ಬಾಯಿ ನೀರು ತುಂಬಿ
ಬಟ್ಟಲಿಗೆ ಉಗಿದರು, ಎಲ್ಲರೆದುರು, ಸದ್ದು ಮಾಡಿ.
ಅಂಗಾರು ನಕ್ಕಳು.
ಉಗುಳಿದಳು.

ಈಗ ಅವಳ ಸೆಟ್ ಆಗುತ್ತಾ ಉಂಟು. ಪೌಡರಿನ ಡಬ್ಬಿ ಒಂದೇ ಬಣ್ಣದ್ದು,
ಇಪ್ಪತ್ತಾರು ವರ್ಷದಿಂದ ಗುಲಾಬಿ.
ಇಂಡೆಂಟಿನಲ್ಲಿ ಮೇಡಂ ಬರೆದರು: ಕಂದು, ಎರಡು ಡಬ್ಬಿ.
ಆಫೀಸಿನಿಂದ ವಾಪಸ್: ಇಂಥದ್ದು ಈವರೆಗೆ ಯಾರೂ ಕೇಳಿಲ್ಲ.
ಅದರ ಕೆಳಗೇ ಮತ್ತೆ ಬರೆದಿದ್ದಾರೆ: ಈಗ ಕೇಳಿದ್ದೇನೆ.
ನಾನೂ ಸಹಿ ಹಾಕಿದೆ. ಇದಿನಬ್ಬ, ಅಟೆಂಡರ್.
ಅಟೆಂಡರನ ಸಹಿಗೆ ಆ ಕಾಗದದಲ್ಲಿ ಜಾಗ ಇಲ್ಲ,
ಅಂಚಿನಲ್ಲಿ ಹಾಕಿದೆ.